ಯಾವ ಕಾಲೊನಿಯ ಇರುವೆ ಎಂದು ತಿಳಿಯದೆ ವಿಡಿಯೊ ನೋಡುವುದು

ಚಗಳಿ ಇರುವೆಗಳು ತಮ್ಮವರನ್ನು ಹೇಗೆ ಗುರುತಿಸುತ್ತವೆ ಎನ್ನುವುದು ನನ್ನ ಕೆಲಸ. ಪೆಟ್ರಿ ಡಿಶ್‌ನಲ್ಲಿ ಎರಡು ಇರುವೆ ಬಿಟ್ಟು, ನಡುವಿನ ತಡೆ ಎತ್ತಿ, ವಿಡಿಯೊ ಮಾಡುತ್ತೇನೆ. ಕುಡಿಮೀಸೆ ತಾಗಿಸಿ ಸುಮ್ಮನಾಗುತ್ತವೋ, ದವಡೆ ತೆರೆಯುತ್ತವೋ, ಕಚ್ಚುತ್ತವೋ ಎಂದು ಆಮೇಲೆ ಬೋರಿಸ್‌ನಲ್ಲಿ ಗುರುತು ಹಾಕುತ್ತೇನೆ. ಅದು ಇಟಲಿಯ ಟುರಿನ್ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಸಾಫ್ಟ್‌ವೇರ್. ಒಂದೊಂದು ವರ್ತನೆಗೆ ಒಂದೊಂದು ಕೀ.

ಎರಡೂ ಒಂದೇ ಕಾಲೊನಿಯವು ಎಂದು ಮೊದಲೇ ಗೊತ್ತಿದ್ದರೆ, ಅರೆ ತೆರೆದ ದವಡೆಯನ್ನು ಕಣ್ಣು ಬಿಟ್ಟುಬಿಡುತ್ತದೆ. ಇರುವೆಗಳ ಇಂಥ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಗುಂಪು, ಅಂದರೆ ಒಂದೇ ಕಾಲೊನಿಯ ಜೋಡಿಯೋ ಬೇರೆ ಬೇರೆ ಕಾಲೊನಿಯದೋ ಎಂಬುದು, ಗೊತ್ತಿದ್ದು ನೋಡಿದವರು, ಒಂದೇ ಕಾಲೊನಿಯವು ಜಗಳವೇ ಆಡಲಿಲ್ಲ ಎಂದು ಜಾಸ್ತಿ ಬರೆದಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ.

ಹಾಗಾಗಿ ಫೈಲ್‌ಗಳಿಗೆ ಹೊಸ ಹೆಸರು ಇಡುವ ಕೆಲಸ ನನ್ನದಲ್ಲ, ಸಹೋದ್ಯೋಗಿಯದು. ಚಿಕ್ಕದೊಂದು ಪೈಥಾನ್ ಸ್ಕ್ರಿಪ್ಟ್ ಎಲ್ಲವನ್ನೂ ಕಲಸಿ ಅಂಕಿ ಕೊಡುತ್ತದೆ. ಯಾವ ಅಂಕಿ ಯಾವ ಗುಂಪು ಎಂಬ ಪಟ್ಟಿ ಅವರ ಬಳಿಯೇ ಇರುತ್ತದೆ. ಬೋರಿಸ್‌ನಲ್ಲಿ ಪ್ರತಿ ವೀಕ್ಷಣೆಗೂ ಹೆಚ್ಚಿನ ವಿವರ ಸೇರಿಸಲು ಜಾಗವಿದೆ. ಗುಂಪಿನ ಹೆಸರನ್ನು ಅಲ್ಲಿಯೂ ಬರೆಯುವುದಿಲ್ಲ.

ಇಷ್ಟು ಸುಲಭ. ಕಷ್ಟವಿರುವುದು ಚಿತ್ರದೊಳಗೆ. ಡಿಶ್‌ಗೆ ಅಂಟಿಸಿದ ಚೀಟಿ ಕಂಡರೆ ಮುಗಿಯಿತು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಅಂಚು ಕತ್ತರಿಸಬೇಕು. ಧ್ವನಿಯನ್ನೂ ತೆಗೆಯಬೇಕು, ರೆಕಾರ್ಡ್ ಮಾಡುವಾಗ ಯಾರಾದರೂ ಗೂಡಿನ ನಂಬರ್ ಹೇಳಿರುತ್ತಾರೆ. ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಚಿತ್ರೀಕರಿಸಿದರೆ ಬೆಳಕೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ, ಚಿತ್ರೀಕರಣದ ಸರದಿಯನ್ನೇ ಚೀಟಿ ಎತ್ತಿ ನಿರ್ಧರಿಸಬೇಕು. ಇರುವೆಯ ಬೆನ್ನಿಗೆ ಹಚ್ಚುವ ಬಣ್ಣದ ಚುಕ್ಕಿಯೂ ಅಷ್ಟೇ. ಒಂದು ಕಾಲೊನಿಗೆ ಯಾವಾಗಲೂ ಹಳದಿಯಾದರೆ ಫೈಲ್ ಹೆಸರು ಮುಚ್ಚಿ ಏನು ಪ್ರಯೋಜನ, ಅಲ್ವಾ?

ಒಂದಿಷ್ಟು ವಿಡಿಯೊಗಳನ್ನು ಇನ್ನೊಬ್ಬರೂ ನೋಡಿ ಗುರುತು ಹಾಕುತ್ತಾರೆ. ನಮ್ಮಿಬ್ಬರ ಗುರುತು ಎಷ್ಟು ಹೊಂದುತ್ತದೆ ಎಂಬ ಕೋಹೆನ್ ಕಪ್ಪಾ ಲೆಕ್ಕವನ್ನು ಬೋರಿಸ್ ತಾನೇ ಮಾಡಿಕೊಡುತ್ತದೆ. ಆದರೆ ಎಚ್ಚರ: ಇಬ್ಬರಿಗೂ ಗುಂಪು ಗೊತ್ತಿದ್ದರೆ ಇಬ್ಬರೂ ಒಂದೇ ಕಡೆಗೆ ವಾಲುತ್ತಾರೆ, ಕಪ್ಪಾ ಮಾತ್ರ ಚೆನ್ನಾಗಿಯೇ ಬರುತ್ತದೆ.

ಜಗಳ ಶುರುವಾದ ಮೇಲೆ ಗುಂಪನ್ನು ಊಹಿಸದೆ ಇರುವುದು ಸಾಧ್ಯವೇ ಇಲ್ಲ. ಅದಕ್ಕೆ ತಡೆ ಎತ್ತುವ ಮೊದಲೇ ವಿಡಿಯೊ ನಿಲ್ಲಿಸಿ, 'ಒಂದೇ ಕಾಲೊನಿ' ಅಥವಾ 'ಬೇರೆ' ಎಂದು ಊಹೆ ಒತ್ತುತ್ತೇನೆ. ಅದಕ್ಕೂ ಎರಡು ಕೀ ಇಟ್ಟಿದ್ದೇನೆ. ಎಲ್ಲ ಗುರುತು ಮುಗಿದು ಪಟ್ಟಿ ತೆರೆದಾಗ ಮೊದಲು ನೋಡುವುದು ಈ ಊಹೆಗಳನ್ನೇ. ಎರಡೂ ಬಗೆಯ ಜೋಡಿಗಳು ಸಮನಾಗಿರುವುದರಿಂದ ಸುಮಾರು ಅರ್ಧ ಸರಿಯಾದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಎಲ್ಲೋ ಸುಳಿವು ಸೋರಿದೆ. ಅದನ್ನು ಹುಡುಕುವವರೆಗೆ ಜಗಳದ ಲೆಕ್ಕಕ್ಕೆ ಕೈ ಹಾಕುವುದಿಲ್ಲ.