ಹಿಮೋಫಿಲಿಯಾ ಇರೋರ ಮಂಡಿ: ಬ್ಲೀಡ್ ನಿಂತ ಮೇಲೆ ಕಾಲು ನೆಟ್ಟಗೆ ಮಾಡ್ಕೊಳ್ಳೋದು ಹೇಗೆ

ಮೊದ್ಲು ಒಂದು ಕೆಲ್ಸ ಮಾಡಿ. ನೆಲದ ಮೇಲೆ ಚಾಪೆ ಹಾಸ್ಕೊಂಡು ಕಾಲು ಚಾಚಿ ಮಲಗಿ, ಮನೇಲಿ ಯಾರನ್ನಾದ್ರೂ ಕರೆದು ಮಂಡಿ ಹಿಂದಿನ ಸಂದೀಲಿ ಎಷ್ಟು ಬೆರಳು ತೂರುತ್ತೆ ನೋಡೋಕೆ ಹೇಳಿ, ಎರಡೂ ಕಾಲಿಗೂ. ನನಗೆ ಬಲಗಡೆ ಒಂದು ಬೆರಳು ಕಷ್ಟಪಟ್ಟು ಹೋಗ್ತಿತ್ತು, ಎಡಗಡೆ ನನ್ನ ತಮ್ಮ ಅಂಗೈ ನಿಲ್ಲಿಸಿಟ್ಟು ನಾಲ್ಕೂ ಬೆರಳು ತೂರಿಸ್ಬಿಟ್ಟ. ನಾನು ಅಲ್ಲೀವರೆಗೆ ನನ್ನ ಕಾಲು ನೆಟ್ಟಗೇ ಇದೆ, ಸ್ವಲ್ಪ ಕುಂಟು ಅಷ್ಟೇ ಅಂದ್ಕೊಂಡಿದ್ದೆ.

ಹೀಗ್ಯಾಕೆ ಆಗುತ್ತೆ ಅಂದ್ರೆ, ಹಿಮೋಫಿಲಿಯಾ ಇರೋರಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ, ಕೀಲೊಳಗೇ ಸೋರುತ್ತೆ, ಅದನ್ನೇ ಬ್ಲೀಡ್ ಅನ್ನೋದು. ಹಾಗೆ ಕೀಲೊಳಗೆ ರಕ್ತ ತುಂಬ್ಕೊಂಡಾಗ ಮಂಡಿ ಸ್ವಲ್ಪ ಮಡಚಿದ್ರೆ ಒಳಗೆ ಜಾಗ ಜಾಸ್ತಿ ಸಿಗುತ್ತೆ, ನೋವು ಕಮ್ಮಿ ಅನ್ಸುತ್ತೆ. ಅದಕ್ಕೇ ನಾವು ಮಂಡಿ ಕೆಳಗೆ ದಿಂಬು ಕೇಳೋದು. ನಮ್ಮಮ್ಮ ಪಾಪ ಎರಡೆರಡು ದಿಂಬು ಇಡ್ತಿದ್ರು, ವಾರಗಟ್ಲೆ. ಆ ದಿಂಬೇ ಕಾಲನ್ನ ಸೊಟ್ಟ ಮಾಡಿದ್ದು. ಮಡಚಿದ ಕಡೆ ಸ್ನಾಯು ಗಿಡ್ಡ ಆಯ್ತು, ತೊಡೆ ಮುಂದಿನ ಸ್ನಾಯು ಕೆಲ್ಸ ಇಲ್ದೆ ಸೊರಗೋಯ್ತು, ಹಿಡಿತ ಇಲ್ದಿರೋ ಮಂಡಿಗೆ ಮತ್ತೆ ಬ್ಲೀಡು. ಪ್ರತಿ ಸಲ ಉಳಿದ ರಕ್ತದಿಂದ ಕೀಲಿನ ಒಳಪದರ ದಪ್ಪ ಆಗಿ ಮೃದ್ವಸ್ಥಿ ಸವೀತಾ ಬರುತ್ತೆ. 6 ತಿಂಗ್ಳಲ್ಲಿ ಒಂದೇ ಕೀಲಿಗೆ ತಾನಾಗೇ 3 ಸಲ ಆದ್ರೆ ಡಾಕ್ಟ್ರು ಅದನ್ನ ಟಾರ್ಗೆಟ್ ಜಾಯಿಂಟ್ ಅಂತಾರೆ. ಫ್ಯಾಕ್ಟರ್ (ನಮ್ಮ ರಕ್ತದಲ್ಲಿ ಕಮ್ಮಿ ಇರೋ, ಹೆಪ್ಪುಗಟ್ಟಿಸೋ ಪ್ರೋಟೀನಿನ ಇಂಜೆಕ್ಷನ್) ರಕ್ತ ನಿಲ್ಲಿಸುತ್ತೆ ಕಣ್ರಿ, ಕಾಲು ನೆಟ್ಟಗೆ ಮಾಡಲ್ಲ. ಬ್ಲೀಡ್ ಆಗದ ಹಾಗೆ ಕೊಡೋ ಎಮಿಸಿಜುಮ್ಯಾಬ್ ಇಂಜೆಕ್ಷನ್ ತಗೊಳ್ಳೋರಿಗೂ ಅಷ್ಟೇ, ಬ್ಲೀಡ್ ಕಮ್ಮಿ ಆಗುತ್ತೆ, ಹಾಳಾದ ಮಂಡಿ ವಾಪಸ್ ಬರಲ್ಲ.

ವ್ಯಾಯಾಮಕ್ಕಿಂತ ಮುಂಚೆ ಒಂದು ಗೊತ್ತಿರ್ಬೇಕು, ಇವತ್ತಿನ ನೋವು ಬ್ಲೀಡಾ ಇಲ್ಲಾ ಹಳೇ ಸವೆತದ್ದಾ ಅಂತ. ಬೆಳಿಗ್ಗೆ ಎದ್ದಾಗ ಬಿಗಿಯಾಗಿದ್ದು ನಾಲ್ಕು ಹೆಜ್ಜೆ ಹಾಕಿದ್ಮೇಲೆ ಸಡಿಲ ಆದ್ರೆ, ಜಾಸ್ತಿ ನಡೆದ ದಿನ ಸಂಜೆ ನೋವು ಬಂದ್ರೆ, ಅದು ಹೆಚ್ಚಾಗಿ ಸವೆತ. ಒಳಗೆ ಜುಮ್ ಅನ್ನೋಕೆ ಶುರುವಾಗಿ, ಬಿಸಿ ಆಗಿ, ಊದಿ, ಸುಮ್ನೆ ಕೂತಿದ್ರೂ ನೋವು ಏರ್ತಾನೇ ಹೋದ್ರೆ ಅದು ಬ್ಲೀಡು. ಗೊತ್ತಾಗ್ಲಿಲ್ಲ ಅಂದ್ರೆ ಬ್ಲೀಡ್ ಅಂತಾನೇ ತಿಳ್ಕೊಂಡು ಫ್ಯಾಕ್ಟರ್ ಹಾಕಿಸ್ಕೊಳ್ಳಿ, ಕಾಯ್ಬೇಡಿ. ಆ ಟೈಮಲ್ಲಿ ವ್ಯಾಯಾಮ ಇಲ್ಲ. ರೆಸ್ಟು, ಟವೆಲ್‌ನಲ್ಲಿ ಸುತ್ತಿದ ಐಸು 10-15 ನಿಮಿಷ, ಕಾಲಿಗೆ ಭಾರ ಕೊಡೋ ಹಾಗಿಲ್ಲ, ಊರುಗೋಲು. ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಎಲ್ಲ ಡಾಕ್ಟ್ರನ್ನ ಕೇಳ್ದೆ ಮುಟ್ಟಬೇಡಿ. ಫ್ಯಾಕ್ಟರ್ ಹಾಕಿದ್ರೂ ಊತ ಇಳೀತಿಲ್ಲ ಅಂದ್ರೆ ಇನ್ಹಿಬಿಟರ್ (ಫ್ಯಾಕ್ಟರ್ ಕೆಲ್ಸ ಮಾಡದ ಹಾಗೆ ತಡೆಯೋ, ಮೈಯಲ್ಲೇ ಹುಟ್ಟೋ ಆ್ಯಂಟಿಬಾಡಿ) ಟೆಸ್ಟ್ ಮಾಡ್ಸಿ.

ಬ್ಲೀಡ್ ನಿಂತು ನೋವು ಇಳಿಯೋಕೆ ಶುರುವಾಯ್ತು, ಡಾಕ್ಟ್ರು ಇಲ್ಲಾ ಫಿಸಿಯೋ ಹೂಂ ಅಂದ್ರು ಅಂದ್ಮೇಲೆ ಮೊದಲ್ನೇದು ಟವೆಲ್ ಒತ್ತೋದು. ಕೈ ಒರೆಸೋ ಟವೆಲ್ಲನ್ನ ಚಪಾತಿ ತರ ಸುರುಳಿ ಸುತ್ತಿ ಮಂಡಿ ಕೆಳಗಿಡಿ, ಮಂಡಿಯಿಂದ ಅದನ್ನ ನೆಲಕ್ಕೆ ಒತ್ತಿ, 5 ಎಣಿಸಿ, ಬಿಡಿ. 10 ಸಲ, ದಿನಕ್ಕೆ ಮೂರು ಹೊತ್ತು. ಮಂಡಿ ಚಿಪ್ಪಿನ ಮೇಲ್ಗಡೆ ಒಂದು ಕೈ ಇಟ್ಕೊಳ್ಳಿ, ಒತ್ತಿದಾಗ ಅಲ್ಲಿ ಸ್ನಾಯು ಗಟ್ಟಿ ಆಗ್ಬೇಕು. ಮೊದ್ಲೆರಡು ದಿನ ನಂಗೆ ಏನೂ ಆಗ್ತಿರ್ಲಿಲ್ಲ, ಬರೀ ಸೊಂಟ ಎತ್ತುತ್ತಿದ್ದೆ, ಮೂರ್ನೇ ದಿನ ಒಂದು ಸಣ್ಣ ಮೀನು ಮಿಡುಕಿದ ಹಾಗೆ ಕೈಗೆ ಸಿಕ್ತು. ಮುಗಿದ ತಕ್ಷಣ ಸುರುಳಿ ತೆಗೆದುಬಿಡಿ, ಇಲ್ಲಾಂದ್ರೆ ಅದೂ ಇನ್ನೊಂದು ದಿಂಬೇ.

ಆಮೇಲೆ ಹಿಮ್ಮಡಿ ಜಾರಿಸೋದು. ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡ್ರೆ ನೆಲದ ಮೇಲೆ ಚೆನ್ನಾಗಿ ಜಾರುತ್ತೆ, ಎಷ್ಟು ಬರುತ್ತೋ ಅಷ್ಟು ಮಡಚಿ, ಮತ್ತೆ ಪೂರ್ತಿ ಚಾಚಿ. ಚಾಚೋದು ಮುಖ್ಯ, ಮಡಚೋದಲ್ಲ. ಅದು ಸಲೀಸಾದ್ಮೇಲೆ ದಪ್ಪ ಕಂಬಳಿ ಸುರುಳಿ ಮೇಲೆ ತೊಡೆ ಇಟ್ಟು ಹಿಮ್ಮಡಿ ಮಾತ್ರ ಎತ್ತಿ ಕಾಲು ನೇರ ಮಾಡಿ 5 ಎಣಿಸೋದು, ಎತ್ತರದ ಕುರ್ಚಿಯಿಂದ ಎದ್ದು ಕೂರೋದು, ಅಡುಗೆಮನೆ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋದು. ಫ್ಯಾಕ್ಟರ್ ಹಾಕಿದ ದಿನಾನೇ ಕಷ್ಟದ ವ್ಯಾಯಾಮ ಇಟ್ಕೊಳ್ಳಿ: ನಿಮಗೆ ಹಾಕೋದು ಸಾಮಾನ್ಯ ಫ್ಯಾಕ್ಟರ್ 8 ಆದ್ರೆ 8-12 ಗಂಟೆಗೆ ಅರ್ಧ ಇಳಿದುಹೋಗಿರುತ್ತೆ, 9 ಆದ್ರೆ 18-24 ಗಂಟೆ. ಮಾರನೇ ದಿನ ಮಂಡಿ ಊದಿದ್ರೆ ಅಥವಾ ನಿನ್ನೆಗಿಂತ ಕಮ್ಮಿ ಮಡಚ್ತಾ ಇದ್ರೆ ನಿಲ್ಲಿಸಿ, ಡಾಕ್ಟ್ರಿಗೆ ಫೋನ್ ಮಾಡಿ.

ಯಾರಿಗೂ ಕಾಲು ಹಿಡಿದು ಜೋರಾಗಿ ಒತ್ತೋಕೆ ಬಿಡಬೇಡಿ. ಎಣ್ಣೆ ಹಚ್ಚಿ ತಿಕ್ಕೋದು, ಪಟ್ಟು ಕಟ್ಟೋದು ಅಂತೂ ಬೇಡ್ವೇ ಬೇಡ. ನಂಗೊಬ್ರು ಫಿಸಿಯೋ, ಹೆಸ್ರು ಬೇಡ ಬಿಡಿ, ಹಿಮೋಫಿಲಿಯಾ ಅಂತ ಚೀಟಿ ತೋರ್ಸಿದ್ರೂ ಮಾಮೂಲಿ ಮಂಡಿನೋವಿನ ತರ ಒತ್ತಿ ನೆಟ್ಟಗೆ ಮಾಡೋಕೆ ಹೋದ್ರು, ಆ ರಾತ್ರಿನೇ ಮಂಡಿ ತೆಂಗಿನಕಾಯಿ ಆಯ್ತು. ಬಿಗಿ ಹಿಡಿದಿರೋ ಕಾಲಿಗೆ ದಾರಿ ಬೇರೆ ಇದೆ, ರಾತ್ರಿ ಹಾಕೋ ಸ್ಪ್ಲಿಂಟು, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೇರ ಮಾಡ್ತಾ ಬದಲಾಯಿಸೋ ಪ್ಲಾಸ್ಟರ್ರು. ಗೊತ್ತಿರೋರ ಹತ್ರ ಮಾಡಿಸ್ಕೊಳ್ಳಿ, ಅಂಥೋರು ಯಾರು ಅಂತ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಡೆಯೋರನ್ನ ಕೇಳಿ ನೋಡಿ.

ಸುಧಾರಿಸ್ತಿದೆಯಾ ಅಂತ ಕಣ್ಣಲ್ಲಿ ಗೊತ್ತಾಗಲ್ಲ. ಟೈಲರ್ ಟೇಪ್ ತಗೊಂಡು ಚಿಪ್ಪಿನ ಮೇಲಂಚಿಂದ 10 ಸೆಂ.ಮೀ. ಮೇಲೆ ಪೆನ್ನಲ್ಲಿ ಗುರುತು ಹಾಕಿ ತೊಡೆ ಸುತ್ತಳತೆ ತಗೊಳ್ಳಿ, 15 ದಿನಕ್ಕೊಮ್ಮೆ, ಕ್ಯಾಲೆಂಡರ್ ಮೇಲೇ ಬರೀರಿ. ನಂದು ಎಡಗಡೆ 4 ಸೆಂ.ಮೀ. ಕಮ್ಮಿ ಇತ್ತು, ಐದು ತಿಂಗ್ಳಿಗೆ 2 ಕ್ಕೆ ಬಂತು, ಬೆರಳು ನಾಲ್ಕರಿಂದ ಎರಡಕ್ಕೆ. ಅಲ್ಲೇ ನಿಂತಿದೆ, ಮೂಳೆನೇ ಸವೆದಿದ್ರೆ ಪೂರ್ತಿ ನೆಟ್ಟಗಾಗಲ್ಲ ಅಂತಾರೆ, ಇರ್ಲಿ, ಬ್ಲೀಡ್ ಅಂತೂ ಕಮ್ಮಿ ಆಗಿದೆ.

ಇನ್ನು ದಿನದ ಓಡಾಟ. ಈಜು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಸೈಕಲ್ ಆದ್ರೆ ಸೀಟ್ ಎತ್ತರಿಸಿ. ಕುಕ್ಕರಗಾಲಲ್ಲಿ ಕೂರೋದು ಬಿಡಿ, ಕಮೋಡ್ ಇಲ್ಲದ ಮನೇಲಿ ಮೇಲಿಟ್ಕೊಳ್ಳೋ ಕಮೋಡ್ ಕುರ್ಚಿ ಸಿಗುತ್ತೆ. ಕೋಲು ನೋವಿರೋ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ ಹಿಡೀರಿ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದ್ಲು, ಇಳಿಯುವಾಗ ಕೆಟ್ಟ ಕಾಲು ಮೊದ್ಲು. ಬಸ್ಸಿಂದ ಇಳಿಯುವಾಗ್ಲೂ ಅಷ್ಟೇ, ಹಿಂದೆ ಇರೋರು ಬೇಗ ಬೇಗ ಅಂದ್ರೂ.