ಸೆಸ್ಕಾ ಯಾರ ಕಡೆ? ಒಡೆದ ಹಡಗಿನ ಪಾತ್ರವೊಂದನ್ನು ಅರ್ಥ ಮಾಡಿಕೊಳ್ಳುವ ಬಗೆ

ಕಕ್ಕಡದ ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ಸಂಜೆ ಹೊರಗೆ ಹೋಗುವ ಕೆಲಸ ಕಡಿಮೆ. ನಾಲ್ಕು ಜನ ಕೂತು ವಾದ ಮಾಡುತ್ತ ಹಳೆಯ ಟಿವಿ ಸರಣಿ ನೋಡಲು ಒಳ್ಳೆಯ ಕಾಲ ಅದು. ವಾದಕ್ಕೆ ತಕ್ಕ ಪಾತ್ರ ಬೇಕಿದ್ದರೆ ಬಾಹ್ಯಾಕಾಶ ಹಡಗೊಂದರ ಕಥೆಯಾದ ‘ಸ್ಟಾರ್ ಟ್ರೆಕ್: ವಾಯೇಜರ್’ನ (1995–2001) ಸೆಸ್ಕಾಳನ್ನು ಹಿಡಿಯಿರಿ. ‘ಅವಳು ಮೊದಲಿನಿಂದಲೂ ಗೂಢಚಾರಿಣಿ, ಇನ್ನೇನಿದೆ’ ಎಂದು ಕೈಬಿಡುವವರೇ ಹೆಚ್ಚು. ಆ ತೀರ್ಪು ಎಲ್ಲಿ ಸೋಲುತ್ತದೆ ಎಂದು ಕಾಣಬೇಕಾದರೆ ನೋಡುವ ಕ್ರಮ ಬದಲಾಗಬೇಕು. ಕಥೆಯ ಕೊನೆಯವರೆಗಿನ ಸಂಗತಿಗಳು ಇಲ್ಲಿ ಬರುತ್ತವೆ.

ಕರೆಂಟು, ನೆಟ್‌ವರ್ಕ್ ಎರಡೂ ಇರುವಾಗಲೇ ಈ ಕಂತುಗಳನ್ನು ಇಳಿಸಿಟ್ಟುಕೊಳ್ಳಿ: ಕೇರ್‌ಟೇಕರ್, ಪ್ಯಾರಲ್ಯಾಕ್ಸ್, ಪ್ರೈಮ್ ಫ್ಯಾಕ್ಟರ್ಸ್, ಸ್ಟೇಟ್ ಆಫ್ ಫ್ಲಕ್ಸ್, ಮನೂವರ್ಸ್, ಅಲಯನ್ಸಸ್, ಇನ್ವೆಸ್ಟಿಗೇಷನ್ಸ್, ಬೇಸಿಕ್ಸ್‌ನ ಎರಡು ಭಾಗ, ಕೊನೆಗೆ ವರ್ಸ್ಟ್ ಕೇಸ್ ಸಿನಾರಿಯೊ. ಒಂದೊಂದೂ ಸುಮಾರು 45 ನಿಮಿಷ, ಮೊದಲನೆಯದು ಅದರ ಎರಡರಷ್ಟು. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ಸುಳಿವುಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ನೋಟ್‌ಬುಕ್ಕಿನಲ್ಲಿ ಕಂತಿಗೊಂದು ಪುಟ, ಪುಟಕ್ಕೆ ನಾಲ್ಕು ಕಾಲಂ: ಅವಳು ಏನು ಮಾಡಿದಳು, ಯಾರ ಎದುರು ಏನು ಹೇಳಿದಳು, ಆ ಹೊತ್ತಿಗೆ ಅವಳಿಗೆ ಏನು ಗೊತ್ತಿತ್ತು, ಲಾಭ ನಷ್ಟ ಯಾರಿಗೆ. ಉದ್ದೇಶ ಮತ್ತು ನಿಷ್ಠೆ ಎಂಬ ಎರಡು ಮಾತನ್ನು ಕಂತು ಮುಗಿಯುವವರೆಗೆ ಬರೆಯಬೇಡಿ. ಮುಗಿದ ಮೇಲೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಐನ್‌ಮನೆಯ (ಕುಟುಂಬದ ಮೂಲಮನೆ) ಜಾಗದ ಮಾತುಕತೆಯಲ್ಲಿ ರಸ್ತೆಯ ವಿಷಯಕ್ಕೆ ಅಣ್ಣನ ಕಡೆ, ಕರಿಮೆಣಸಿನ ಪಾಲಿಗೆ ತಮ್ಮನ ಕಡೆ ನಿಂತವರನ್ನು ನೀವು ಕಂಡಿರುತ್ತೀರಿ. ಕಡೆ ಬದಲಾಯಿತು ಎಂದರೆ ಕಾರಣವೂ ಬದಲಾಯಿತು ಎಂದಲ್ಲ.

ಮೊದಲು ಒಡಕಿನ ಮೂಲ. ಜೇನ್‌ವೇ ಸ್ಟಾರ್‌ಫ್ಲೀಟ್ ಎಂಬ ಬಾಹ್ಯಾಕಾಶ ಪಡೆಯ ಕ್ಯಾಪ್ಟನ್, ವಾಯೇಜರ್ ಹಡಗು ಅವಳದು. ಚಕೋಟೆ ನಾಯಕನಾಗಿದ್ದ ಗುಂಪು, ಕಾರ್ಡೇಶಿಯನ್ನರೆಂಬ ಅನ್ಯಗ್ರಹದವರ ವಿರುದ್ಧ ಬಂಡೆದ್ದ ಮಾಕೀಗಳದ್ದು. ಊರಿಂದ 70,000 ಜ್ಯೋತಿರ್ವರ್ಷ ದೂರಕ್ಕೆ ಎಸೆಯಲ್ಪಟ್ಟ ಮೇಲೆ, ದುರ್ಬಲವಾದ ಒಂದು ಜನಾಂಗವನ್ನು ಕಾಪಾಡಲು ಜೇನ್‌ವೇ ಹಿಂದಿರುಗುವ ಸಾಧನವನ್ನೇ ನಾಶ ಮಾಡುತ್ತಾಳೆ. ಉಳಿದದ್ದು 75 ವರ್ಷದ ದಾರಿ, ಎರಡು ಗುಂಪಿಗೆ ಒಂದೇ ಹಡಗು. ಈ ನಿರ್ಧಾರವನ್ನು ಪುಟದ ತಲೆಯಲ್ಲಿ ಬರೆದುಕೊಳ್ಳಿ, ಸೆಸ್ಕಾಳ ಪ್ರತಿ ವಾದವೂ ಇಲ್ಲಿಂದಲೇ ಹೊರಡುತ್ತದೆ. ಚಕೋಟೆಯ ಗುಂಪಿನಲ್ಲಿ ಇಬ್ಬರು ವೇಷಧಾರಿಗಳಿದ್ದರು ಎಂಬುದನ್ನೂ ಬರೆಯಿರಿ: ಸ್ಟಾರ್‌ಫ್ಲೀಟ್ ಕಳಿಸಿದ ಟುವಾಕ್, ಬೇಜೋರನ್ ಎಂಬ ಇನ್ನೊಂದು ಜನಾಂಗದ ರೂಪದಲ್ಲಿದ್ದ ಕಾರ್ಡೇಶಿಯನ್ ಸೆಸ್ಕಾ.

ಹೆಚ್ಚು ಸಮಯ ಕೊಡಬೇಕಾದದ್ದು ಪ್ರೈಮ್ ಫ್ಯಾಕ್ಟರ್ಸ್‌ಗೆ. ಸಿಕಾರಿಸ್ ಗ್ರಹದವರ ಬಳಿ 40,000 ಜ್ಯೋತಿರ್ವರ್ಷ ದಾಟಿಸುವ ಯಂತ್ರವಿದೆ, ಹೊರಗಿನವರಿಗೆ ಕೊಡಲು ಅವರ ಕಾನೂನು ಒಪ್ಪದು. ಹಡಗಿನ ಸಾಹಿತ್ಯ ಭಂಡಾರ ಕೊಟ್ಟರೆ ಗುಟ್ಟಾಗಿ ಕೊಡಲು ಅಲ್ಲಿನ ಒಬ್ಬ ತಯಾರು. ಸೆಸ್ಕಾ, ಮಾಕೀ ಗುಂಪಿನ ಟೊರೆಸ್, ಸ್ಟಾರ್‌ಫ್ಲೀಟ್‌ನ ಕ್ಯಾರಿ ಸಂಚು ಹೂಡುತ್ತಾರೆ. ಆದರೆ ವಿನಿಮಯ ಮಾಡಿ ಬರುವವನು ಟುವಾಕ್! ಮಾಕೀಗಳು ಒಂದು ಕಡೆ, ಸ್ಟಾರ್‌ಫ್ಲೀಟ್ ಇನ್ನೊಂದು ಕಡೆ ಎಂಬ ಸುಲಭದ ಗೆರೆ ಇಲ್ಲಿ ಅಳಿಸಿಹೋಗುತ್ತದೆ: ಕ್ಯಾರಿಯೂ ಟುವಾಕ್‌ನೂ ಸ್ಟಾರ್‌ಫ್ಲೀಟ್‌ನವರು. ನಾಲ್ವರ ಅಪರಾಧ ಒಂದೇ. ಟುವಾಕ್ ಮಾಡಿದ್ದು ಕ್ಯಾಪ್ಟನ್ ತನ್ನ ತತ್ವ ಮುರಿಯುವ ಪ್ರಮೇಯ ಬರಬಾರದೆಂದು, ಎಂದರೆ ಅವಳ ಮೇಲಿನ ನಿಷ್ಠೆಯಿಂದಲೇ ಅವಳ ಮಾತು ಮೀರಿದ. ಯಂತ್ರ ಕೈಕೊಟ್ಟ ನಂತರದ ಕೆಲವು ನಿಮಿಷಗಳನ್ನು ಎರಡು ಸಲ ನೋಡಿ. ಮುಚ್ಚಿಹಾಕೋಣ ಎನ್ನುವವಳು ಸೆಸ್ಕಾ, ಒಪ್ಪಿಕೊಳ್ಳುತ್ತೇನೆ ಎನ್ನುವವಳು ಟೊರೆಸ್. ನಿಷ್ಠೆ ಜಾಗ ಬದಲಿಸಿದ್ದು ಟೊರೆಸ್‌ಳಲ್ಲಿ. ಕೆಲಸ ಕೆಟ್ಟ ಮೇಲೆ ಯಾರು ಏನನ್ನು ತೆರಲು ಸಿದ್ಧರಿದ್ದಾರೆ ಎಂಬುದು ಮೊದಲಿನ ಘೋಷಣೆಗಳಿಗಿಂತ ಗಟ್ಟಿಯಾದ ಸಾಕ್ಷಿ.

ಮರುಕಂತು ಸ್ಟೇಟ್ ಆಫ್ ಫ್ಲಕ್ಸ್. ಹಡಗಿನ ತಂತ್ರಜ್ಞಾನ ಆ ಭಾಗದ ಶತ್ರುಗಳಾದ ಕೇಜಾನ್‌ಗಳ ಕೈಸೇರಿದ್ದು ಬಯಲಾಗುತ್ತದೆ, ಸೆಸ್ಕಾಳ ಗುಟ್ಟೂ. ನೋಡುವವರು ಎಡವುವುದು ಇಲ್ಲೇ. ಗುಟ್ಟು ತಿಳಿದೊಡನೆ ಹಿಂದಿನ ಪುಟಗಳನ್ನೆಲ್ಲ ‘ನಾಟಕ’ ಎಂದು ತಿದ್ದಿಬಿಡುತ್ತಾರೆ. ತಿದ್ದಬೇಡಿ. 70,000 ಜ್ಯೋತಿರ್ವರ್ಷದಾಚೆ ಅವಳಿಗೆ ಆಜ್ಞೆ ಕೊಡುವವರೂ ಇಲ್ಲ, ವರದಿ ಕೇಳುವವರೂ ಇಲ್ಲ. ಆದ್ದರಿಂದ ‘ಗೂಢಚಾರಿಣಿ’ ಎಂಬುದು ಅವಳು ಹಡಗಿಗೆ ಹೇಗೆ ಬಂದಳು ಎಂಬುದಕ್ಕೆ ಮಾತ್ರ ಉತ್ತರ. ಶತ್ರುಗಳ ನಡುವೆ ಬಲಿಷ್ಠರ ಸ್ನೇಹ ಬೇಕಿತ್ತು ಎಂಬ ಅವಳ ಸಮರ್ಥನೆಯನ್ನು ನಾಲ್ಕನೆಯ ಕಾಲಂಗೆ ಹಚ್ಚಿ ಪರೀಕ್ಷಿಸಿ. ಅದೇ ಕಂತಿನಲ್ಲಿ ಅವಳು ಅಡುಗೆಮನೆಯಿಂದ ಕದ್ದ ಅಣಬೆಯ ಸೂಪ್ ಮಾಡಿ ಚಕೋಟೆಗೆ ತರುತ್ತಾಳೆ. ಮಳೆಗಾಲದ ಕುಮ್ಮು (ಅಣಬೆ) ಕರಿಯ ಬೆಲೆ ಬಲ್ಲ ನಮ್ಮವರಿಗೆ ಅದು ಬರೀ ಪ್ರೀತಿಯಾಗಿ ಕಾಣಬಹುದು. ಕದ್ದದ್ದನ್ನೂ ಕೊಟ್ಟದ್ದನ್ನೂ ಒಂದೇ ಸಾಲಿನಲ್ಲಿ ಬರೆಯಿರಿ, ಎರಡೂ ನಿಜ.

ಮನೂವರ್ಸ್‌ನಿಂದ ಮುಂದೆ, ಹಡಗು ಬಿಟ್ಟ ಅವಳು ಕೇಜಾನ್ ನಾಯಕ ಕಲ್ಲಾನ ಜೊತೆ. ಮುಖದ ಮೇಕಪ್ ಬದಲಾಗುತ್ತದೆ, ಅದನ್ನು ಸಾಕ್ಷಿಗೆ ಸೇರಿಸಬೇಡಿ. ಅಲಯನ್ಸಸ್‌ನಲ್ಲಿ ಜೋನಾಸ್ ಹಡಗಿನೊಳಗಿಂದಲೇ ದ್ರೋಹಕ್ಕಿಳಿಯುತ್ತಾನೆ. ಅವನಿಗೆ ವೇಷವಿಲ್ಲ, ಜೊತೆಗಾರ ಸತ್ತ ಮೇಲಿನ ಹತಾಶೆಯಿದೆ. ಇವನ ಪುಟ ಪಕ್ಕದಲ್ಲಿದ್ದರೆ ಸೆಸ್ಕಾಳ ಮಹತ್ವಾಕಾಂಕ್ಷೆ ಎದ್ದು ಕಾಣುತ್ತದೆ.

ಬೇಸಿಕ್ಸ್‌ನಲ್ಲಿ ಸುಳ್ಳು ಮತ್ತು ತಪ್ಪು ನಂಬಿಕೆಯನ್ನು ಬೇರ್ಪಡಿಸಿ. ತನ್ನ ಮಗು ಚಕೋಟೆಯದು ಎಂಬ ಮಾತನ್ನು ಅವಳು ಬಲೆಯಾಗಿ ಬಳಸುತ್ತಾಳೆ. ಆದರೆ ತಂದೆ ಅವನಲ್ಲ ಎಂದು ವೈದ್ಯ ಹೇಳಿದಾಗ ಅವಳೇ ಬೆಚ್ಚುತ್ತಾಳೆ. ಬಲೆ ಅವಳದು, ನಂಬಿಕೆಯೂ ಅವಳದೇ.

ವರ್ಸ್ಟ್ ಕೇಸ್ ಸಿನಾರಿಯೊ 1997ರಲ್ಲಿ, ಅವಳು ಸತ್ತ ನಂತರ ಬಂದ ಕಂತು. ಮಾಕೀಗಳು ದಂಗೆಯೆದ್ದರೆ ಎದುರಿಸಲು ಟುವಾಕ್ ಬರೆದಿಟ್ಟಿದ್ದ ಅಭ್ಯಾಸದ ಕಥೆಯನ್ನು ಸೆಸ್ಕಾ ಹಡಗು ಬಿಡುವ ಮೊದಲೇ ಅವನ ಪಾಲಿಗೆ ಉರುಳಾಗುವಂತೆ ತಿದ್ದಿದ್ದಳು. ಇದನ್ನು ಕೊನೆಯ ಪುಟದಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಸ್ಟೇಟ್ ಆಫ್ ಫ್ಲಕ್ಸ್‌ಗಿಂತ ಮುಂಚಿನ ಪುಟಕ್ಕೆ ಒಯ್ದು ಸೇರಿಸಿ, ಆಮೇಲೆ ವಾದ ಶುರುಮಾಡಿ: ಮಾಕೀಗಳನ್ನು ತಾನೇ ವಂಚಿಸುತ್ತಿದ್ದವಳಿಗೆ, ಮಾಕೀಗಳನ್ನು ವಂಚಿಸಿದ ಟುವಾಕ್ ಮೇಲೆ ಅಷ್ಟು ಸಿಟ್ಟು ಯಾಕೆ?