ಅಜೈಲ್ ತಂಡಗಳ ಜೋಡಿ ಕಾರ್ಡಿನಾಟ: ಸಿದ್ಧತೆ ಮತ್ತು ನಿಯಮಗಳು

ಕಾರ್ಡುಗಳನ್ನು ಕವುಚಿ ಹರಡಿ, ಒಂದು ಸಲಕ್ಕೆ ಎರಡನ್ನು ತೆರೆದು, ಜೋಡಿಯಾದರೆ ಎತ್ತಿಕೊಳ್ಳುವ ನೆನಪಿನಾಟವನ್ನು ಬಹುತೇಕ ಎಲ್ಲರೂ ಒಮ್ಮೆಯಾದರೂ ಆಡಿರುತ್ತಾರೆ. ಇಲ್ಲಿ ವಿವರಿಸುತ್ತಿರುವುದು ಅದರದೇ ಒಂದು ರೂಪ. ಆದರೆ ಇದರಲ್ಲಿ ಒಂದೇ ಚಿತ್ರವಿರುವ ಎರಡು ಕಾರ್ಡುಗಳು ಇರುವುದಿಲ್ಲ. ಕೆಲಸವನ್ನು ಸಣ್ಣ ಸಣ್ಣ ಹಂತಗಳಲ್ಲಿ ಮುಗಿಸುತ್ತ, ಆಗಾಗ ತಿದ್ದಿಕೊಳ್ಳುತ್ತ ಸಾಗುವ ಅಜೈಲ್ ಪದ್ಧತಿಯಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ತಂಡಗಳು ದಿನವೂ ಬಳಸುವ ಒಂದು ಹೆಸರು ಒಂದು ಕಾರ್ಡಿನಲ್ಲಿದ್ದರೆ, ಅದಕ್ಕೆ ಸಲ್ಲುವ ಅರ್ಥ ಇನ್ನೊಂದರಲ್ಲಿರುತ್ತದೆ. ಯಾವ ಕಾರ್ಡು ಎಲ್ಲಿತ್ತು ಎಂಬ ನೆನಪಷ್ಟೇ ಇದ್ದರೆ ಸಾಲದು, ಅದು ಯಾವುದಕ್ಕೆ ಏಕೆ ಸೇರುತ್ತದೆ ಎಂಬುದೂ ಗೊತ್ತಿರಬೇಕು.

ಆಟಕ್ಕೆ 40 ಕಾರ್ಡುಗಳು ಬೇಕು. ಹೆಸರಿನ 20 ಕಾರ್ಡುಗಳ ಬೆನ್ನು ನೀಲಿಯಾಗಿರಲಿ, ಅರ್ಥದ 20 ಕಾರ್ಡುಗಳ ಬೆನ್ನು ಹಳದಿಯಾಗಿರಲಿ. ಈ ಬಣ್ಣದ ವ್ಯತ್ಯಾಸ ಅಲಂಕಾರಕ್ಕಾಗಿ ಮಾಡಿದ್ದಲ್ಲ. ಎಲ್ಲ ಬೆನ್ನೂ ಒಂದೇ ಬಣ್ಣದ್ದಾದರೆ, ಆರಂಭದಲ್ಲಿ ಒಂದು ಹೆಸರು ತೆರೆದವರಿಗೆ ಅದರ ಜೋಡಿ ಕುರುಡಾಗಿ ಸಿಗುವ ಸಾಧ್ಯತೆ 39ರಲ್ಲಿ 1 ಮಾತ್ರ. ಬಣ್ಣ ಬೇರೆಯಾದರೆ ಅದು 20ರಲ್ಲಿ 1 ಆಗುತ್ತದೆ. ಮೊದಲ ಹತ್ತು ನಿಮಿಷ ಯಾರಿಗೂ ಏನೂ ದಕ್ಕದೆ ಆಟ ಸಪ್ಪೆಯಾಗುವುದು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಪ್ರತಿ ಬಣ್ಣದಲ್ಲೂ ಸರದಿಯನ್ನು ನಿಲ್ಲಿಸುವ ಒಂದೊಂದು ‘ತಡೆ’ ಕಾರ್ಡು ಇರುತ್ತದೆ; ಉಳಿದ 38 ಕಾರ್ಡುಗಳಿಂದ 19 ಜೋಡಿಗಳಾಗುತ್ತವೆ.

ಇವುಗಳಲ್ಲಿ ಹನ್ನೊಂದು ಜೋಡಿಗಳನ್ನು ಅಜೈಲ್ ತಂಡಗಳು ಬಳಸುವ ಚೌಕಟ್ಟಾದ ಸ್ಕ್ರಮ್‌ನಿಂದಲೇ ತೆಗೆದುಕೊಳ್ಳಬಹುದು. ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್, ಡೆವಲಪರ್‌ಗಳು ಎಂಬ ಮೂರು ಹೊಣೆಗಳಿಗೆ ಅವರವರ ಕೆಲಸದ ವಿವರಣೆಯೇ ಜೋಡಿ. ಸ್ಪ್ರಿಂಟ್ (ನಿಗದಿತ ಅವಧಿಯ ಒಂದು ಕೆಲಸದ ಸುತ್ತು) ಮತ್ತು ಅದರೊಳಗೆ ನಡೆಯುವ ನಾಲ್ಕು ಸಭೆಗಳಿಗೆ ಉದ್ದೇಶದ ಜೊತೆಗೆ ಕಾಲಮಿತಿಯನ್ನೂ ಬರೆಯಿರಿ: ಸ್ಪ್ರಿಂಟ್ ಒಂದು ತಿಂಗಳನ್ನು ಮೀರಬಾರದು, ಡೈಲಿ ಸ್ಕ್ರಮ್‌ಗೆ 15 ನಿಮಿಷ, ಒಂದು ತಿಂಗಳ ಸ್ಪ್ರಿಂಟ್‌ನಲ್ಲಿ ಪ್ಲಾನಿಂಗ್‌ಗೆ ಹೆಚ್ಚೆಂದರೆ 8 ಗಂಟೆ, ರಿವ್ಯೂಗೆ 4 ಗಂಟೆ, ರೆಟ್ರೋಸ್ಪೆಕ್ಟಿವ್‌ಗೆ 3 ಗಂಟೆ. ಇನ್ನು ಮೂರು ಜೋಡಿಗಳು ತಾವಾಗಿಯೇ ಒದಗುತ್ತವೆ, ಏಕೆಂದರೆ ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ (ಉತ್ಪನ್ನಕ್ಕಾಗಿ ಆಗಬೇಕಾದ ಕೆಲಸಗಳ ಪಟ್ಟಿ) ಪ್ರಾಡಕ್ಟ್ ಗೋಲ್, ಸ್ಪ್ರಿಂಟ್ ಬ್ಯಾಕ್‌ಲಾಗ್‌ಗೆ (ಆ ಸ್ಪ್ರಿಂಟ್‌ಗೆ ಆರಿಸಿಕೊಂಡ ಕೆಲಸಗಳು ಮತ್ತು ಅವುಗಳ ಯೋಜನೆ) ಸ್ಪ್ರಿಂಟ್ ಗೋಲ್, ಇನ್‌ಕ್ರಿಮೆಂಟ್‌ಗೆ (ಮುಗಿದು ಬಳಕೆಗೆ ಸಿದ್ಧವಾದ ಭಾಗ) ಡೆಫಿನಿಷನ್ ಆಫ್ ಡನ್ (ಕೆಲಸ ಮುಗಿದಿದೆ ಎನ್ನಲು ಬೇಕಾದ ಗುಣಮಟ್ಟ) ಎಂದು ಒಂದೊಂದು ಬದ್ಧತೆಯನ್ನು ಗಂಟುಹಾಕಿದೆ. ಉಳಿದ ಎಂಟು ಜೋಡಿಗಳಿಗೆ ಯೂಸರ್ ಸ್ಟೋರಿ (ಬಳಕೆದಾರರ ದೃಷ್ಟಿಯಿಂದ ಬರೆದ ಬೇಡಿಕೆ), ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರದ ಅಂದಾಜು), ವೆಲಾಸಿಟಿ, ಬರ್ನ್‌ಡೌನ್ ಚಾರ್ಟ್, ಪ್ಲಾನಿಂಗ್ ಪೋಕರ್ (ಕಾರ್ಡು ತೋರಿಸಿ ತಂಡ ಒಟ್ಟಾಗಿ ಅಂದಾಜಿಸುವುದು), ಪೇರ್ ಪ್ರೋಗ್ರಾಮಿಂಗ್ (ಇಬ್ಬರು ಸೇರಿ ಕೋಡ್ ಬರೆಯುವುದು), ಕಾನ್‌ಬಾನ್ ಪದ್ಧತಿಯ ವಿಪ್ ಮಿತಿ (ಒಂದೇ ಸಮಯಕ್ಕೆ ಕೈಯಲ್ಲಿರಬಹುದಾದ ಕೆಲಸಗಳ ಮಿತಿ) ಮತ್ತು 1992ರಲ್ಲಿ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಬಳಕೆಗೆ ತಂದ ಟೆಕ್ನಿಕಲ್ ಡೆಟ್ (ಅವಸರದ ಕೋಡಿನಿಂದ ಮುಂದೆ ತೆರಬೇಕಾದ ಹೆಚ್ಚುವರಿ ಶ್ರಮ) ಸಾಕು.

ಕಾರ್ಡುಗಳನ್ನು ಬರೆಯುವಾಗಲೇ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಆಟದ ನಡುವೆ ಏಳುವ ಜಗಳಗಳೆಲ್ಲ ಅಲ್ಲಿಯೇ ಹುಟ್ಟುತ್ತವೆ. ಒಂದು ಅರ್ಥದ ಕಾರ್ಡಿಗೆ ಒಂದೇ ಹೆಸರು ಒಪ್ಪುವಂತಿರಬೇಕು. ‘ಸ್ಪ್ರಿಂಟ್‌ನ ಕೊನೆಯಲ್ಲಿ ತಂಡ ಸೇರಿ ಮಾತನಾಡುವುದು’ ಎಂದು ಬರೆದರೆ ಅದು ರಿವ್ಯೂಗೂ ಒಪ್ಪುತ್ತದೆ, ರೆಟ್ರೋಸ್ಪೆಕ್ಟಿವ್‌ಗೂ ಒಪ್ಪುತ್ತದೆ. ‘ಆದ ಕೆಲಸವನ್ನು ಸಂಬಂಧಪಟ್ಟವರ ಮುಂದಿಟ್ಟು, ಉತ್ಪನ್ನದಲ್ಲಿ ಮುಂದೇನು ಮಾಡಬೇಕೆಂದು ಚರ್ಚಿಸುವುದು’ ಎಂದರೆ ರಿವ್ಯೂ. ‘ತಂಡ ತಾನು ಕೆಲಸ ಮಾಡಿದ ರೀತಿಯನ್ನೇ ಪರಿಶೀಲಿಸಿ, ಅದನ್ನು ಸುಧಾರಿಸುವ ದಾರಿ ಹುಡುಕುವುದು’ ಎಂದರೆ ರೆಟ್ರೋಸ್ಪೆಕ್ಟಿವ್. ವೆಲಾಸಿಟಿ ಮತ್ತು ಬರ್ನ್‌ಡೌನ್‌ಗಳ ನಡುವೆಯೂ ಇಂಥದೇ ಗೊಂದಲವಿದೆ: ಮೊದಲನೆಯದು ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಕೆಲಸದ ಅಳತೆ, ಎರಡನೆಯದು ಇನ್ನೂ ಉಳಿದಿರುವ ಕೆಲಸದ ನಕ್ಷೆ. ಡೈಲಿ ಸ್ಕ್ರಮ್‌ನ ಕಾರ್ಡಿನಲ್ಲಿ ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿಯೇನು’ ಎಂಬ ಮೂರು ಪ್ರಶ್ನೆಗಳನ್ನು ಬರೆಯುವ ಆಸೆಯಾಗುತ್ತದೆ. ಎಷ್ಟೋ ತಂಡಗಳು ಇಂದಿಗೂ ಅವನ್ನೇ ಕೇಳುತ್ತಿದ್ದರೂ 2020ರ ಗೈಡ್ ಅವನ್ನು ಕೈಬಿಟ್ಟಿರುವುದರಿಂದ, ಸ್ಪ್ರಿಂಟ್ ಗೋಲ್‌ನತ್ತ ಆಗಿರುವ ಪ್ರಗತಿಯ ಪರಿಶೀಲನೆ ಎಂದು ಬರೆಯುವುದೇ ಸರಿ. ಎಲ್ಲ ಜೋಡಿಗಳನ್ನೂ ಒಂದು ಉತ್ತರ ಪಟ್ಟಿಯಲ್ಲಿ ಬರೆದು, ಆಡದೆ ಕುಳಿತ ಒಬ್ಬ ನಿರ್ವಾಹಕರ ಕೈಗೆ ಕೊಡಿ.

ಎರಡರಿಂದ ಐದು ಮಂದಿ ಆಡಬಹುದು. ಜನ ಹೆಚ್ಚಿದ್ದರೆ ಇಬ್ಬಿಬ್ಬರು ಸೇರಿ ಒಬ್ಬ ಆಟಗಾರನಂತೆ ಆಡಲಿ. ಎರಡೂ ಬಣ್ಣದ ಕಾರ್ಡುಗಳನ್ನು ಬೇರೆಬೇರೆಯಾಗಿ ಕಲೆಸಿ, ಸಾಲಿಗೆ ಐದರಂತೆ ನಾಲ್ಕು ಸಾಲುಗಳಲ್ಲಿ ಕವುಚಿ ಇಡಿ. ಹೀಗೆ ಪಕ್ಕಪಕ್ಕದಲ್ಲಿ ಒಂದು ನೀಲಿ ಹಾಸು, ಒಂದು ಹಳದಿ ಹಾಸು ಸಿದ್ಧವಾಗುತ್ತವೆ. ಜೋಡಿ ಎತ್ತಿಕೊಂಡಾಗ ಉಳಿಯುವ ಖಾಲಿ ಜಾಗವನ್ನು ತುಂಬಬಾರದು, ಕಾರ್ಡುಗಳನ್ನು ಸರಿಸಲೂಬಾರದು.

ಸರದಿ ಬಂದವರು ಮೊದಲು ಒಂದು ನೀಲಿ ಕಾರ್ಡು ತೆರೆದು ಗಟ್ಟಿಯಾಗಿ ಓದಬೇಕು, ಆಮೇಲೆ ಒಂದು ಹಳದಿ ಕಾರ್ಡು ತೆರೆದು ಓದಬೇಕು. ಎರಡೂ ಹೊಂದದಿದ್ದರೆ ಎಲ್ಲರೂ ನೋಡಿದ ಮೇಲೆ ಅವನ್ನು ಇದ್ದಲ್ಲಿಯೇ ಕವುಚಿಡಬೇಕು. ಹೊಂದಿದರೂ ಜೋಡಿ ಕೂಡಲೇ ಕೈಸೇರುವುದಿಲ್ಲ: ಅವೆರಡೂ ಏಕೆ ಸೇರುತ್ತವೆ ಎಂಬುದನ್ನು ಆಟಗಾರರು ಕಾರ್ಡಿನ ಮಾತುಗಳನ್ನೇ ಒಪ್ಪಿಸದೆ, ಸ್ವಂತ ಮಾತಿನಲ್ಲಿ, ಒಂದು ವಾಕ್ಯದಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಕಾರ್ಡುಗಳು ಮತ್ತೆ ಕವುಚಿಕೊಳ್ಳುತ್ತವೆ, ಸರದಿ ಮುಂದಿನವರಿಗೆ ಹೋಗುತ್ತದೆ, ಜಾಗ ನೋಡಿಕೊಂಡ ಅವರು ಅದನ್ನು ಸುಲಭವಾಗಿ ಎತ್ತಿಕೊಳ್ಳಬಹುದು. ಈ ನಿಯಮ ಕಠಿಣವೆನಿಸಿ ಹಲವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಉಳಿಯುವುದು ಜಾಗ ನೆನಪಿಡುವ ಆಟ ಮಾತ್ರ, ಅದಕ್ಕೆ ಅಜೈಲ್‌ನ ಹೆಸರೇ ಬೇಕಿಲ್ಲ. ಜೋಡಿ ಗೆದ್ದವರಿಗೆ ಇನ್ನೊಂದು ಅವಕಾಶವಿದೆ, ಆದರೆ ಒಂದೇ ಒಂದು. ಮಿತಿಯಿಲ್ಲದಿದ್ದರೆ ಆಟದ ಕೊನೆಯಲ್ಲಿ ಒಳ್ಳೆಯ ನೆನಪಿರುವ ಒಬ್ಬರೇ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತಾರೆ, ಉಳಿದವರು ನೋಡುತ್ತ ಕೂರಬೇಕಾಗುತ್ತದೆ.

ತಮ್ಮ ಜೋಡಿಯೂ ಸರಿಯೆಂದು ಯಾರಾದರೂ ವಾದಿಸಿದರೆ ಉತ್ತರ ಪಟ್ಟಿಯ ಮಾತೇ ಅಂತಿಮ. ಆದರೆ ವಾದದಲ್ಲಿ ಹುರುಳಿದ್ದರೆ ನಿರ್ವಾಹಕರು ಅದನ್ನು ಗುರುತು ಮಾಡಿಕೊಂಡು, ಮುಂದಿನ ಆಟದೊಳಗೆ ಆ ಕಾರ್ಡನ್ನು ತಿದ್ದಿ ಬರೆಯಲಿ.

ತಡೆ ಕಾರ್ಡು ತೆರೆದರೆ ಸರದಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕೂ ಮೊದಲು ತೆರೆದ ನೀಲಿ ಕಾರ್ಡಿದ್ದರೆ ಅದನ್ನು ಕವುಚಿಡಬೇಕು. ತಡೆ ಮಾತ್ರ ತೆರೆದೇ ಇರುತ್ತದೆ, ಮತ್ತು ಅದು ಇರುವವರೆಗೆ ಆ ಸಾಲಿನ ಬೇರೆ ಯಾವ ಕಾರ್ಡನ್ನೂ ಯಾರೂ ತೆರೆಯುವಂತಿಲ್ಲ. ಯಾರಾದರೂ ತಮ್ಮ ಒಂದು ಸರದಿಯನ್ನು ಪೂರ್ತಿ ಬಿಟ್ಟುಕೊಟ್ಟರೆ ತಡೆ ಆಟದಿಂದ ಹೊರಬೀಳುತ್ತದೆ, ಅವರಿಗೆ ಆ ಸಾಲಿನ ಎರಡು ಕಾರ್ಡುಗಳನ್ನು ಗುಟ್ಟಾಗಿ ನೋಡುವ ಅವಕಾಶ ಸಿಗುತ್ತದೆ. ಎಲ್ಲರೂ ‘ಇನ್ನೊಬ್ಬರು ತೆಗೆಯಲಿ’ ಎಂದು ಕಾಯುವ ಸಂದರ್ಭ ಬಂದೇ ಬರುತ್ತದೆ (ತಂಡಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೆನಿಸದು). ಆ ಬಣ್ಣದಲ್ಲಿ ತೆರೆಯಲು ಬೇರೆ ಕಾರ್ಡೇ ಉಳಿಯದಿದ್ದಾಗ, ಸರದಿ ಬಂದವರು ತಡೆಯನ್ನು ತೆಗೆಯಲೇಬೇಕು.

ಜೋಡಿಗೆ ಒಂದು ಅಂಕ. ಜೋಡಿಗಳು 19 ಇರುವುದರಿಂದ ಇಬ್ಬರ ಆಟದಲ್ಲಿ ಸಮವಾಗುವುದಿಲ್ಲ. ಹೆಚ್ಚು ಮಂದಿಯಿದ್ದು ಸಮವಾದರೆ, 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಒಪ್ಪಿದ, ಅಜೈಲ್‌ನ ಮೂಲ ಘೋಷಣೆಯಾದ ಅಜೈಲ್ ಮ್ಯಾನಿಫೆಸ್ಟೋದ ನಾಲ್ಕು ಮೌಲ್ಯಗಳನ್ನು ಬಳಸಿ. ನಿರ್ವಾಹಕರು ‘ವಿಸ್ತಾರವಾದ ದಾಖಲೆಗಳಿಗಿಂತ’ ಎಂದರೆ ‘ಕೆಲಸ ಮಾಡುವ ಸಾಫ್ಟ್‌ವೇರ್’ ಎಂದು, ‘ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ’ ಎಂದರೆ ‘ಬದಲಾವಣೆಗೆ ಸ್ಪಂದಿಸುವುದು’ ಎಂದು ಮೊದಲು ಪೂರ್ತಿಗೊಳಿಸಿದವರು ಗೆದ್ದಂತೆ.

ಇದನ್ನೇ ಇಡೀ ತಂಡ ಒಟ್ಟಾಗಿಯೂ ಆಡಬಹುದು. ಆಗ ಮೂರು ಸ್ಪ್ರಿಂಟ್‌ಗಳಿರುತ್ತವೆ. ಪ್ರತಿಯೊಂದಕ್ಕೂ ಯೋಜನೆಗೆ 1 ನಿಮಿಷ, ಆಟಕ್ಕೆ 5, ರೆಟ್ರೋಸ್ಪೆಕ್ಟಿವ್‌ಗೆ 2, ಒಟ್ಟು 24 ನಿಮಿಷ. ಯೋಜನೆಯ ನಿಮಿಷದಲ್ಲಿ ತಂಡ ಎಷ್ಟು ಜೋಡಿ ಹುಡುಕುತ್ತೇವೆಂದು ಹೇಳಬೇಕು. ಸಿಕ್ಕಿದ ಜೋಡಿಗೆ ಒಂದೊಂದು ಅಂಕವಿದ್ದೇ ಇದೆ. ಹೇಳಿದಷ್ಟನ್ನು ಮುಟ್ಟಿದರೆ ಹೇಳಿದ ಸಂಖ್ಯೆಯಷ್ಟೇ ಅಂಕ ಮತ್ತೆ ಸೇರುತ್ತದೆ, ಮುಟ್ಟದಿದ್ದರೆ ಆ ಹೆಚ್ಚುವರಿ ಪೂರ್ತಿ ಹೋಗುತ್ತದೆ. ಐದು ಹೇಳಿ ಆರು ಹುಡುಕಿದವರಿಗೆ 11 ಅಂಕ, ಏಳು ಹೇಳಿ ಆರು ಹುಡುಕಿದವರಿಗೆ ಆರೇ. ಮೊದಲ ಸ್ಪ್ರಿಂಟ್‌ನಲ್ಲಿ ಅಂದಾಜು ತಪ್ಪುವುದು ಸಹಜ. ಎರಡನೆಯದಕ್ಕೆ ಮೊದಲನೆಯದರ ಲೆಕ್ಕವೇ ಆಧಾರವಾಗುತ್ತದೆ. ರೆಟ್ರೋಸ್ಪೆಕ್ಟಿವ್‌ನಲ್ಲಿ ಆಡುವ ಕ್ರಮದಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು: ಉದಾಹರಣೆಗೆ, ಒಬ್ಬರು ನೀಲಿ ಹಾಸನ್ನು ಮಾತ್ರ, ಇನ್ನೊಬ್ಬರು ಹಳದಿಯನ್ನು ಮಾತ್ರ ನೆನಪಿಡುವುದು. ತೆರೆದ ಕಾರ್ಡುಗಳನ್ನು ಕಾಗದದಲ್ಲಿ ಬರೆದುಕೊಳ್ಳಲು ಅನುಮತಿಯಿಲ್ಲ.